ಕರಿ ಎರಡು, ಬಿಳಿ ಒಂದು

ಮೂರನೇ ಚರಣದ ಎರಡನೇ ಸಾಲಿಗೆ ಕರೆಂಟು ಹೋಯಿತು. ನನ್ನ ಬೆರಳುಗಳು ಕೀಬೋರ್ಡಿನ ಮೇಲೆ ಓಡುತ್ತಲೇ ಇದ್ದವು, ಸದ್ದು ಮಾತ್ರ ಇಲ್ಲ. ಪ್ಲಾಸ್ಟಿಕ್ಕಿನ ಟಕಟಕ ಅಷ್ಟೇ ಕೇಳಿಸಿತು. ಮೇಲೆ ಫ್ಯಾನು ನಿಧಾನವಾಗಿ ನಿಂತಿತು. ಎದುರಿಗೆ ನಮಗೆ ಹಾಡು ಕಲಿಸಿದ ಮೇಷ್ಟ್ರ ಶವಪೆಟ್ಟಿಗೆ ಇತ್ತು. ಎಡಕ್ಕೆ ಕ್ವಾಯರಿನ ಹುಡುಗರು ಹುಡುಗಿಯರು ಸೇರಿ ಇಪ್ಪತ್ತು ಜನ ಹಾಡುತ್ತಾ ಹಾಡುತ್ತಾ ನನ್ನ ಕಡೆ ನೋಡಿದರು. ಕಾಲೇಜಿನ ಪುಟ್ಟ ಚರ್ಚು, ಚಾಪೆಲ್, ತುಂಬಿತ್ತು. ಹಿಂದೆ ಬಾಗಿಲಲ್ಲೂ ಜನ ನಿಂತಿದ್ದರು.

ಹೆಂಗಸರ ಕೆಳದನಿಯ ಆಲ್ಟೋ ಸಾಲಿನಲ್ಲಿ ನಿಂತಿದ್ದ ಲೈಬ್ರರಿ ಮೇಡಂ ಬಗ್ಗಿ ನನ್ನ ಭುಜ ತಿವಿದರು. "ಆ ಆರ್ಗನ್‌ಗೆ ಹೋಗಪ್ಪ, ಬೇಗ!"

ಕಾಲಲ್ಲಿ ತುಳಿದು ನುಡಿಸುವ ಹಳೇ ಆರ್ಗನ್ ನಾಲ್ಕು ಹೆಜ್ಜೆ ದೂರದಲ್ಲಿ ಗೋಡೆ ಪಕ್ಕ ಇತ್ತು. ಎದ್ದು ಓಡಿದೆ. ಮುಚ್ಚಳ ತೆಗೆದೆ. ಪುಸ್ತಕ ಇಡುವ ಹಲಗೆಯ ಮೇಲೆ ಮಡಿಸಿದ ಕಾಗದ ಒಂದಿತ್ತು. ಅಡ್ಡ ಬಂತು ಅಂತ ತಳ್ಳಿದೆ, ಬೆಂಚಿನ ಹಿಂದೆ ಬಿತ್ತು. ತುಳಿದೆ. ಗಾಳಿ ತುಂಬಿಕೊಂಡು ಆರ್ಗನ್ ಸದ್ದು ಮಾಡಿತು. ಕ್ವಾಯರ್ ಇನ್ನೂ ಕರಿ ಎರಡರಲ್ಲೇ ಹಾಡುತ್ತಿತ್ತು. ನಾನು ಬಿಳಿ ಒಂದರಲ್ಲಿ ನುಡಿಸಿದೆ. ಯಾಕೆಂದರೆ ನನಗೆ ಬರೋದು ಅದೊಂದೇ.

ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಕೀಬೋರ್ಡಿನ ಒಂದೊಂದು ಕೀಲಿಗೂ ನಾವು ಮನೆ ಅನ್ನುತ್ತೇವೆ. ಬಿಳಿ ಮನೆ, ಕರಿ ಮನೆ. ಹಾಡನ್ನು ಯಾವ ಮನೆಯಿಂದ ಶುರು ಮಾಡುತ್ತೀರೋ ಅದು ಅದರ ಶ್ರುತಿ. ಮೊದಲನೇ ಬಿಳಿ ಮನೆಯಿಂದ ಹಿಡಿದರೆ ಬಿಳಿ ಒಂದು. ಎರಡನೇ ಕರಿ ಮನೆಯಿಂದ ಹಿಡಿದರೆ ಕರಿ ಎರಡು. ಎರಡಕ್ಕೂ ನಡುವೆ ಮೂರು ಮನೆ ಎತ್ತರದ ವ್ಯತ್ಯಾಸ. ಹಾಡುವವರು ಮೇಲಿನ ಶ್ರುತಿಯಲ್ಲಿದ್ದಾಗ ನುಡಿಸುವವನು ಮೂರು ಮನೆ ಕೆಳಗೆ ಕೂತರೆ ಏನಾಗುತ್ತೆ ಅಂತ ಅವತ್ತು ಚಾಪೆಲ್‌ನಲ್ಲಿದ್ದ ಎಲ್ಲರಿಗೂ ಗೊತ್ತಾಯಿತು.

ಅರ್ಧ ಜನ ನನ್ನ ಜೊತೆ ಕೆಳಕ್ಕೆ ಬಂದರು. ಅರ್ಧ ಜನ ಮೇಲೇ ಉಳಿದರು. ಮೇಲಿನ ದನಿ ಹಾಡುವ ಬಾಗೂರಿನ ಸೊಪ್ರಾನೋ ಹುಡುಗಿ ಎರಡೂ ಕಡೆ ಹೋಗಿ ಕೊನೆಗೆ ಬಾಯಿ ಮುಚ್ಚಿದಳು. ಅರಕಲಗೂಡಿನ ಹುಡುಗ, ಎಲ್ಲರಿಗಿಂತ ಕೆಳದನಿಯ ನಮ್ಮ ಬೇಸ್, ಇನ್ನೂ ಕೆಳಕ್ಕೆ ಇಳಿದು ಅಲ್ಲಿ ದನಿ ಸಿಗದೆ ಕೆಮ್ಮಿದ. ಹಿಂದೆ ಯಾರೋ ಕಿಸಕ್ಕಂದರು. ಸಾವಿನ ಮನೆಯಲ್ಲಿ ನಗಬಾರದು, ಆದರೆ ನಗು ಬರುವ ಹಾಗೇ ಇತ್ತು.

ಲೈಬ್ರರಿ ಮೇಡಂ ಕೈ ಎತ್ತಿ ನಿಲ್ಲಿಸಿದರು. "ಬಿಡಪ್ಪ. ಬಾಯಲ್ಲೇ ಹಾಡ್ತೀವಿ."

ಅವರು ಬರೀ ಬಾಯಲ್ಲಿ ಹಾಡಿ ಮುಗಿಸಿದರು. ನಾನು ಆರ್ಗನ್ ಮುಂದೆ ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಕಾಲು ಮಾತ್ರ ಇನ್ನೂ ತುಳಿಯುತ್ತಿತ್ತು. ನಿಲ್ಲಿಸಬೇಕು ಅಂತ ಹೊಳೆಯಲಿಲ್ಲ. ಗಾಳಿ ಬುಸ್ ಬುಸ್ ಅನ್ನುತ್ತಿತ್ತು. ಮೊದಲನೇ ಸಾಲಿನಲ್ಲಿ ಮೇಷ್ಟ್ರ ಹೆಂಡತಿ, ನಾನು ಅಮ್ಮ ಅನ್ನುತ್ತೇನೆ, ನನ್ನ ಕಾಲನ್ನೇ ನೋಡುತ್ತಿದ್ದರು.

ಮೇಷ್ಟ್ರು ಬದುಕಿದ್ದಾಗ ನನ್ನ ಹತ್ತಿರ ಕೇಳಿದ್ದು ಒಂದೇ ಒಂದು. ತಾವು ಸತ್ತಾಗ ಇದೇ ಹಾಡನ್ನು ಕಾಲು ಆರ್ಗನ್ನಿನಲ್ಲಿ ನುಡಿಸಿ ಕಳಿಸು ಅಂದಿದ್ದರು. ಆಯ್ತು ಅಂದಿದ್ದೆ. ಅವತ್ತು ಬೆಳಿಗ್ಗೆ ಬಂದು ಕೀಬೋರ್ಡಿಗೆ ವೈರ್ ಚುಚ್ಚಿದೆ.

ನಾನು ಹಳ್ಳಿಮೈಸೂರಿನವನು. ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಬ್ಜೆಕ್ಟು ಹೋಯಿತು, ಮತ್ತೆ ಕಟ್ಟಲಿಲ್ಲ. ಹೊಳೆನರಸೀಪುರದಲ್ಲಿ ಒಂದು ಮೈಕ್‌ಸೆಟ್ ಅಂಗಡಿಗೆ ಸೇರಿದೆ. ಆ ಅಂಗಡಿಯವರದೇ ಒಂದು ಆರ್ಕೆಸ್ಟ್ರಾ ಇತ್ತು. ಗಣಪತಿ ಕೂರಿಸಿದ ಕಡೆ, ಮದುವೆ ಮನೆಯಲ್ಲಿ ಸಿನಿಮಾ ಹಾಡು ಹಾಡುತ್ತಿದ್ದರು. ಕೀಬೋರ್ಡಿನವನು ಊಟಕ್ಕೆ ಎದ್ದಾಗ ನಾನು ಕೂತು ಕೂತು ಕಲಿತೆ. ಯಾರೂ ಹೇಳಿಕೊಡಲಿಲ್ಲ. ಕಿವಿಯಲ್ಲಿ ಕೇಳಿದ್ದು ಕೈಗೆ ಬರುತ್ತಿತ್ತು.

ಆರ್ಕೆಸ್ಟ್ರಾದಲ್ಲಿ ಒಂದು ಅನುಕೂಲ. ಹಾಡುವ ಗಂಡಸಿಗೆ ಒಂದು ಶ್ರುತಿ, ಹೆಂಗಸಿಗೆ ಒಂದು ಶ್ರುತಿ, ಗಂಟಲು ಕಟ್ಟಿದವನಿಗೆ ಇನ್ನೊಂದು. ನುಡಿಸುವವನು ಎಲ್ಲದಕ್ಕೂ ಬೆರಳು ಬದಲಾಯಿಸಬೇಕಾಗಿಲ್ಲ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಅಂತ ಬಟನ್ ಇದೆ. ಮೂರು ಸಲ ಒತ್ತಿದರೆ ಶ್ರುತಿ ತಾನೇ ಮೂರು ಮನೆ ಮೇಲೆ ಹೋಗುತ್ತೆ. ಬೆರಳು ಅದೇ ಬಿಳಿ ಮನೆಗಳಲ್ಲೇ ಓಡಾಡುತ್ತಿರುತ್ತೆ. ನಮ್ಮ ಕಡೆ ಹೀಗೆ ಕಲಿತವರೇ ಜಾಸ್ತಿ. ಕರಿ ಮನೆಯಿಂದ ಹಾಡು ಹಿಡಿಯುವ ಕಷ್ಟ ಯಾರು ಪಡುತ್ತಾರೆ?

ಹಾಸನದ ಈ ಕಾಲೇಜಿಗೆ ನಾನು ಬಂದಿದ್ದು ಕ್ರಿಸ್‌ಮಸ್ ಹಾಡಿನ ಕಾರ್ಯಕ್ರಮಕ್ಕೆ ಮೈಕ್ ಕಟ್ಟಲು. ಮೈಕ್ ಟೆಸ್ಟ್ ಮಾಡುತ್ತಾ ಅಲ್ಲಿದ್ದ ಕೀಬೋರ್ಡಿನಲ್ಲಿ ಒಂದೆರಡು ಸಾಲು ನುಡಿಸಿದೆ. ಹಿಂದಿನಿಂದ ಬಿಳಿ ಜುಬ್ಬಾ ಹಾಕಿದ ಮುದುಕರು ಬಂದು ನಿಂತರು. ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಚಾಪೆಲ್ ಕ್ವಾಯರನ್ನು ಯೌವನದಿಂದಲೂ ಅವರೇ ನಡೆಸುತ್ತಿದ್ದರು. ಅವರೇ ಮೇಷ್ಟ್ರು.

"ಏನ್ಲಾ ಮೈಕಿನವ್ನೆ, ಬಿಳಿ ಮನೆಲೇ ಓಡಾಡ್ತಿಯಲ್ಲ. ಕರಿ ಮನೆಗೆ ಓಗೋಕೆ ಭಯವಾ?"

"ಬಟನ್ ಅದೆ ಸಾ, ಯಾಕ್ ಓಗ್ಬೇಕು?"

"ಆ ಆರ್ಗನ್‌ನಲ್ಲಿ ಬಟನ್ ಎಲ್ಲದೆ, ತೋರ್ಸು ನೋಡವಾ."

ನಾನು ಆರ್ಗನ್ನಿನ ಸುತ್ತ ಒಂದು ಸುತ್ತು ಬಂದೆ. ಬಟನ್ ಇರಲಿಲ್ಲ. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಾಫಿ ಕೊಡಿಸಿದರು.

ಅವರ ಕಾಲು ಸೋತಿತ್ತು. ಆರ್ಗನ್ ತುಳಿಯಲು ಆಗುತ್ತಿರಲಿಲ್ಲ. ಯಾರಾದರೂ ಬೇಕಿತ್ತು. ಅವರೇ ಯಾರ್ಯಾರಿಗೋ ಹೇಳಿ ಕಾಲೇಜಿನಲ್ಲಿ ನನಗೆ ಎಲೆಕ್ಟ್ರಿಷಿಯನ್ ಕೆಲಸ ಕೊಡಿಸಿದರು. ಬಲ್ಬು ಬದಲಾಯಿಸೋದು, ಮೋಟಾರ್ ನೋಡೋದು, ಭಾನುವಾರ ಚಾಪೆಲ್‌ನಲ್ಲಿ ನುಡಿಸೋದು, ಬುಧವಾರ ಸಾಯಂಕಾಲ ಕ್ವಾಯರಿಗೆ ಹಾಡು ಕಲಿಸೋದು. ನಾನು ಕ್ರಿಶ್ಚಿಯನ್ ಅಲ್ಲ. ಕ್ವಾಯರಿನಲ್ಲಿ ಅರ್ಧಕ್ಕೂ ಹೆಚ್ಚು ಜನ ಅಲ್ಲ. ಹಾಸ್ಟೆಲಿನ ಮಕ್ಕಳು, ಅರಕಲಗೂಡು, ಚನ್ನರಾಯಪಟ್ಟಣ, ಗೊರೂರು ಕಡೆಯವರು. ಅದನ್ನು ಯಾರೂ ಕೇಳಲಿಲ್ಲ.

ಹಾಡನ್ನು ಮೇಷ್ಟ್ರು ಡೊ ರೆ ಮಿ ಅಂತ, ಅಂದರೆ ಇಂಗ್ಲಿಷಿನವರ ಸರಿಗಮದಲ್ಲಿ, ಕನ್ನಡ ಅಕ್ಷರದಲ್ಲೇ ಬರೆದುಕೊಡುತ್ತಿದ್ದರು. ನಾಲ್ಕು ದನಿಗೆ ನಾಲ್ಕು ಸಾಲು. ಕಾಗದದ ತಲೆಯ ಮೇಲೆ "ಡೊ = ಕರಿ ಎರಡು" ಅಂತ ಇರುತ್ತಿತ್ತು. ಅಂದರೆ ಆ ಹಾಡಿಗೆ ಡೊ ಅಲ್ಲಿಂದ ಹಿಡಿ ಅಂತ. ಹಾಡುವವರಿಗೆ ಇದರಿಂದ ತೊಂದರೆಯಿಲ್ಲ, ಶ್ರುತಿ ಎಲ್ಲಿ ಕೊಟ್ಟರೂ ಅಲ್ಲಿಂದ ಹತ್ತುತ್ತಾರೆ ಇಳಿಯುತ್ತಾರೆ. ನಾನು ತಲೆಯ ಮೇಲಿನದು ನೋಡಿ ಬಟನ್ ಒತ್ತುತ್ತಿದ್ದೆ, ಬಿಳಿ ಒಂದರಲ್ಲಿ ನುಡಿಸುತ್ತಿದ್ದೆ. ಕ್ವಾಯರಿನವರಿಗೆ ನಾನು ಎಲ್ಲ ಶ್ರುತಿಯೂ ಬಲ್ಲ ಪಂಡಿತ. ಗೊತ್ತಿದ್ದವರು ಮೇಷ್ಟ್ರೊಬ್ಬರೇ.

ಶನಿವಾರ ಮಧ್ಯಾಹ್ನ ನನ್ನನ್ನು ಆರ್ಗನ್ ಮುಂದೆ ಕೂರಿಸುತ್ತಿದ್ದರು. ಕರಿ ಎರಡರಿಂದ ಹಿಡಿ ಅನ್ನುತ್ತಿದ್ದರು. ನನ್ನ ಬೆರಳು ತಡಕಾಡುತ್ತಿತ್ತು. ಹತ್ತು ನಿಮಿಷಕ್ಕೆ ನನಗೆ ತಲೆ ಕೆಡುತ್ತಿತ್ತು.

"ಇದ್ಯಾಕ್ ಮೇಷ್ಟ್ರೆ, ಒಂದು ಬಟನ್ನಲ್ಲಿ ಆಗೋ ಕೆಲ್ಸಕ್ಕೆ?"

"ಬೆರಳಲ್ಲಿ ಆಗೋ ಕೆಲ್ಸಕ್ಕೆ ಬಟನ್ ಯಾಕ್ಲಾ?"

ಒಂದು ಸಲ ಅವರು ನನ್ನ ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ ಮೇಲೆ ಗಾಯಕ್ಕೆ ಹಾಕುವ ಪ್ಲಾಸ್ಟರ್ ಅಂಟಿಸಿದರು. ಭಾನುವಾರ ಬಂದು ನೋಡಿದೆ, ಕಿತ್ತು ಬಿಸಾಕಿದೆ. ಅವರು ನೋಡಿದರು. ಮುಂದಿನ ಶನಿವಾರ ನಾನು ಹೋಗಲಿಲ್ಲ. ಅದರ ಮುಂದಿನದೂ ಹೋಗಲಿಲ್ಲ. ಮೋಟಾರ್ ಕೆಟ್ಟಿದೆ ಅಂತ ಹೇಳಿದೆ. ಆಮೇಲೆ ಅವರು ಮಲಗಿಬಿಟ್ಟರು.

ಅವರ ಮನೆ ಕಾಲೇಜಿನ ಹಿಂದಿನ ಬೀದಿಯಲ್ಲಿ. ನೋಡಲು ಹೋದಾಗ ಹಜಾರದಲ್ಲಿ ಮಂಚದ ಮೇಲೆ ಕೂತಿದ್ದರು. ಕಾಲು ಊದಿತ್ತು. ಅಮ್ಮ ಅವರಿಗೆ ಗಂಜಿ ಕೊಟ್ಟು ನನಗೆ ಚಕ್ಕುಲಿ ಕೊಟ್ಟರು.

"ನಾನ್ ಸತ್ತೋದ್ಮೇಲೆ ಅವತ್ತಿನ ಹಾಡು ಯಾವ್ದು ಗೊತ್ತಲ್ಲ?" ಅಂದರು ಮೇಷ್ಟ್ರು.

ಗೊತ್ತಿತ್ತು. ಚಾಪೆಲ್‌ನಲ್ಲಿ ಯಾರ ಸಾವಾದರೂ ಅದನ್ನೇ ಹಾಡುತ್ತಿದ್ದರು. ಕರಿ ಎರಡು.

"ಅದ್ನ ಆ ಕಾಲು ಆರ್ಗನ್ನಲ್ಲೇ ನುಡ್ಸಬೇಕು ಕಣ್ಲಾ. ಪ್ಲಾಸ್ಟಿಕ್ ಸದ್ದಲ್ಲಿ ನನ್ನ ಕಳಿಸ್ಬೇಡ."

"ಇವ್ರಿಗೆ ಬೇರೆ ಮಾತೇ ಇಲ್ಲ," ಅಂತ ಅಮ್ಮ ಲೋಟ ಎತ್ತಿಕೊಂಡು ಒಳಗೆ ಹೋದರು.

"ಆಯ್ತು ಮೇಷ್ಟ್ರೆ," ಅಂದೆ.

"ಬತ್ತದಾ?"

"ಬತ್ತದೆ."

ಸುಳ್ಳು. ಅವರಿಗೂ ಗೊತ್ತಿತ್ತು. "ಮುಚ್ಚಳ ತೆಗ್ದು ಕೂತ್ಕೊ. ಮಿಕ್ಕಿದ್ದು ಅಲ್ಲೇ ಇರ್ತದೆ," ಅಂದರು.

ವಯಸ್ಸಾದವರು, ಪ್ರಾರ್ಥನೆ ಮಾಡುವವರು, ಹೀಗೇನಾದರೂ ಹೇಳುತ್ತಾರೆ ಅಂದುಕೊಂಡೆ. ದೇವರು ಕೈ ಹಿಡಿಯುತ್ತಾನೆ ಅನ್ನುವ ಹಾಗೆ. ಚಕ್ಕುಲಿ ತಿಂದು ಎದ್ದು ಬಂದೆ.

ಅವರು ತೀರಿಕೊಂಡಾಗ ನಾನು ಚನ್ನರಾಯಪಟ್ಟಣದಲ್ಲಿ ಅಕ್ಕನ ಮನೆಗೆ ವೈರಿಂಗ್ ಮಾಡುತ್ತಿದ್ದೆ. ಲೈಬ್ರರಿ ಮೇಡಂ ಫೋನ್ ಮಾಡಿದರು. ನಾಳೆ ಹನ್ನೊಂದಕ್ಕೆ ಚಾಪೆಲ್‌ನಲ್ಲಿ ಆರಾಧನೆ, ಆಮೇಲೆ ಮಣ್ಣು ಅಂದರು. ಮಾರನೇ ದಿನ ಮೊದಲ ಬಸ್ಸು ಹಿಡಿದೆ. ಹಾಸನ ಬರುವವರೆಗೂ ತೊಡೆಯ ಮೇಲೆ ಬೆರಳಾಡಿಸಿದೆ, ಕರಿ ಎರಡರ ಲೆಕ್ಕ ಹಿಡಿಯಲು ನೋಡಿದೆ. ಮೊದಲನೇ ಸಾಲು ಬಂತು. ಎರಡನೆಯದರಲ್ಲಿ ಬೆರಳು ಎಲ್ಲಿಗೆ ಹೋಗಬೇಕೋ ಗೊತ್ತಾಗಲಿಲ್ಲ. ಪಕ್ಕದಲ್ಲಿ ಕೂತಿದ್ದವರು ಕೇಳಿದರು, "ಯಾಕಪ್ಪ, ಕೈ ನೋವಾ?"

ಹೌದು ಅಂದೆ.

ಹಾಸನ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ತೀರ್ಮಾನ ಆಗಿತ್ತು. ಸತ್ತವರಿಗೆ ಯಾವ ಸದ್ದು ಅಂತ ಗೊತ್ತಾಗುತ್ತಾ? ಜನರ ಮುಂದೆ ತಪ್ಪು ನುಡಿಸಿ ಮೇಷ್ಟ್ರ ಮರ್ಯಾದೆ ತೆಗೆಯೋದಕ್ಕಿಂತ ಕೀಬೋರ್ಡಿನಲ್ಲಿ ಸರಿಯಾಗಿ ನುಡಿಸಿದರೆ ಒಳ್ಳೆಯದು. ಹಾಗಂತ ನನಗೆ ನಾನೇ ಹೇಳಿಕೊಂಡೆ. ಮೇಷ್ಟ್ರ ಮರ್ಯಾದೆ ಅಲ್ಲ, ನನ್ನದು.

ಕೀಬೋರ್ಡಿಗೆ ಬ್ಯಾಟರಿ ಹಾಕಬಹುದು. ಹಿಂದೆ ಹಾಕಿದ್ದವು ಸೋರಿ ಹಾಳಾಗಿದ್ದವು, ತೆಗೆದಿದ್ದೆ, ಹೊಸದು ಹಾಕಿರಲಿಲ್ಲ. ಕಾಲೇಜಿನ ಯುಪಿಎಸ್ ಲೈನು ಚಾಪೆಲ್‌ಗೆ ಇಲ್ಲ, ಕಂಪ್ಯೂಟರ್ ಲ್ಯಾಬಿಗೆ ಮಾತ್ರ. ಇದೆಲ್ಲ ಗೊತ್ತಿರಬೇಕಾದವನು ನಾನೇ. ಎಲೆಕ್ಟ್ರಿಷಿಯನ್ ನಾನೇ. ಬಟನ್ ಮೂರು ಸಲ ಒತ್ತಿ ಕೂತೆ. ಅಮ್ಮ ಒಳಗೆ ಬಂದವರು ಮೊದಲು ಆರ್ಗನ್ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ನಾನು ಕೀಬೋರ್ಡಿನ ಮೇಲಿದ್ದ ಹಾಡಿನ ಕಾಗದ ಸರಿ ಮಾಡಿಕೊಂಡೆ.

ಎರಡು ಚರಣ ಚೆನ್ನಾಗೇ ಹೋಯಿತು. ಮೂರನೆಯದು ಏನಾಯಿತು ಅಂತ ಹೇಳಿದ್ದೇನೆ.

ಮಣ್ಣು ಮಾಡಿ ಬಂದ ಮೇಲೆ ಅಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದರು, "ಕೊನೆಗೂ ಅವರ ಆಸೆ ಆಯ್ತು ಬಿಡಪ್ಪ. ಕರೆಂಟ್ ಹೋಗಿ ನೀನು ಅಲ್ಲಿಗೇ ಹೋಗೋ ಹಂಗಾಯ್ತು. ಎರಡು ಸಾಲಾದ್ರೂ ಅದರಲ್ಲೇ ಕೇಳ್ತು."

ಅವರು ಬೈದಿದ್ದರೆ ವಾಸಿಯಿತ್ತು.

ಎರಡು ಭಾನುವಾರ ನಾನು ಚಾಪೆಲ್‌ಗೆ ಹೋಗಲಿಲ್ಲ. ಜ್ವರ ಅಂದೆ. ಲೈಬ್ರರಿ ಮೇಡಂ ಬರೀ ಬಾಯಲ್ಲಿ ಹಾಡಿಸಿದರು. ಅರಕಲಗೂಡಿನ ಹುಡುಗ ಮೋಟಾರ್ ರೂಮಿನ ಹತ್ತಿರ ಸಿಕ್ಕ.

"ಏನ್ ಸಾ, ಕ್ವಾಯರ್ ಬಿಟ್ಬುಟ್ರಾ?"

"ಅವತ್ತು ನೋಡ್ಲಿಲ್ವಾ?"

"ನೋಡ್ದೆ. ನೀವು ಅಷ್ಟ್ ಕೆಳಕ್ಕೆ ಓದ್ರಿ, ನಾನೂ ಇಂದೆ ಬಂದೆ. ನಮ್ಮೂರ್ ಬೋರ್‌ವೆಲ್ಲೂ ಅಷ್ಟ್ ಆಳ ಇಲ್ಲ ಸಾ. ತಳಾನೇ ಸಿಗ್ನಿಲ್ಲ."

ನಗಿಸಲು ಹೇಳಿದ. ನನಗೆ ನಗು ಬರಲಿಲ್ಲ. ಬುಧವಾರ ಬನ್ನಿ ಸಾ, ಬರ್ದೆ ಇದ್ರೆ ಮೇಡಂ ನಮ್ಮನ್ನೆಲ್ಲ ಲೈಬ್ರರಿ ತರ ಸುಮ್ನೆ ಕೂರಿಸ್ತಾರೆ ಅಂದು ಹೋದ.

ಬುಧವಾರ ಎಲ್ಲರಿಗೂ ಮೊದಲು ಹೋದೆ. ಚಾಪೆಲ್ ಬಾಗಿಲು ತೆಗೆದು ಪೊರಕೆ ಹಿಡಿದೆ. ಆರ್ಗನ್ ಬೆಂಚು ಸರಿಸಿದೆ. ಗೋಡೆಗೆ ಒತ್ತಿಕೊಂಡು ಆ ಕಾಗದ ಬಿದ್ದಿತ್ತು. ಬೆಂಚಿನ ಕಾಲಿನ ಗುರುತು ಅದರ ಮೇಲಿತ್ತು. ಬಿಡಿಸಿದೆ.

ಮೇಷ್ಟ್ರ ಅಕ್ಷರ. ಕೈ ನಡುಗಿ ಸೊಟ್ಟ ಸೊಟ್ಟ ಬಂದಿತ್ತು. ಅದೇ ಹಾಡು, ನಾಲ್ಕೂ ದನಿ. ತಲೆಯ ಮೇಲೆ "ಡೊ = ಬಿಳಿ ಒಂದು."

ಶ್ರುತಿ ಇಳಿಸಿ ಪೂರ್ತಿ ಮತ್ತೆ ಬರೆದಿದ್ದರು. ನನಗೆ ಬರುವ ಮನೆಗೆ ಹಾಡನ್ನು ತಂದಿದ್ದರು. ಬರೀ ಇಳಿಸಿರಲಿಲ್ಲ. ಇಳಿಸಿದರೆ ಬೇಸ್‌ನವರಿಗೆ ಎರಡು ಕಡೆ ತಳ ಸಿಗುವುದಿಲ್ಲ. ಆ ಎರಡು ಕಡೆ ಕೆಂಪು ಪೆನ್ನಿನಲ್ಲಿ ಬಾಣ ಹಾಕಿ, "ಅರಕಲಗೂಡು ಇಲ್ಲಿ ಮೇಲೆ ಹಾಡಲಿ" ಅಂತ ಬರೆದಿದ್ದರು. ಕೆಳಗೆ ನನಗೆ ಅಂತ ಎರಡೇ ಮಾತು. "ನಿಧಾನಕ್ಕೆ ತುಳಿ."

ಅವತ್ತು ಮೊದಲಿಂದಲೇ ಆರ್ಗನ್ ಮುಂದೆ ಕೂತು ಮುಚ್ಚಳ ತೆಗೆದಿದ್ದರೆ ಎಲ್ಲ ಸರಿಯಾಗಿರುತ್ತಿತ್ತು. ಕ್ವಾಯರಿಗೆ ಶ್ರುತಿ ಬಿಳಿ ಒಂದರಲ್ಲಿ ಕೊಟ್ಟು, ಅರಕಲಗೂಡಿನ ಹುಡುಗನಿಗೆ ಎರಡು ಜಾಗ ತೋರಿಸಿದ್ದರೆ ಸಾಕಿತ್ತು. ಕರೆಂಟು ಹೋದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವತ್ತು ಹಾಡು ಕಲಿಸಲಿಲ್ಲ. ಹೊಟ್ಟೆನೋವು ಅಂತ ಹೇಳಿ ಎಲ್ಲರನ್ನೂ ಕಳಿಸಿದೆ. ಕಾಗದ ಜೇಬಿನಲ್ಲಿ ಇಟ್ಟುಕೊಂಡು ಎರಡು ದಿನ ತಿರುಗಿದೆ. ಅಮ್ಮನಿಗೆ ಹೇಳದೆ ಇರಬಹುದಿತ್ತು. ಮೇಷ್ಟ್ರ ಆಸೆ ಆಯ್ತು ಅಂತ ಅವರು ಸಮಾಧಾನ ಮಾಡಿಕೊಂಡಿದ್ದರು. ಆದರೆ ಆ ಸಮಾಧಾನ ನಾನು ಮುಚ್ಚಿಟ್ಟದ್ದರ ಮೇಲೆ ನಿಂತಿತ್ತು. ಮೇಷ್ಟ್ರಿಗೆ ಒಂದು ಸುಳ್ಳು ಹೇಳಿ ಆಗಿತ್ತು. ಶುಕ್ರವಾರ ಹೋದೆ.

ಅಮ್ಮ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಮಂಚ ಅಲ್ಲೇ ಇತ್ತು, ಹಾಸಿಗೆ ಸುತ್ತಿಟ್ಟಿದ್ದರು. ಕಾಗದ ಕೊಟ್ಟೆ. ಕೈ ಸೆರಗಿಗೆ ಒರೆಸಿಕೊಂಡು ಕನ್ನಡಕ ಹಾಕಿ ನೋಡಿದರು.

"ಇದಾ," ಅಂದರು. "ಇದನ್ನ ಬರೆಯೋಕೆ ಮೂರು ದಿವಸ ಕೂತಿದ್ರು. ಊಟಕ್ಕೆ ಕರೆದ್ರೆ ಬರ್ತಿರಲಿಲ್ಲ. ಈ ಕೈಯಲ್ಲಿ ಯಾಕ್ರಿ ಅಂತ ಬೈದೆ. ಆಮೇಲೆ ಆಟೋ ತರಿಸ್ಕೊಂಡು ಚಾಪೆಲ್‌ಗೆ ಹೋಗ್ಬಂದ್ರು. ಇಡೋಕೆ ಹೋಗಿದ್ದು ಅಂತ ಈಗ ಗೊತ್ತಾಯ್ತು ನೋಡು."

ಸ್ವಲ್ಪ ಹೊತ್ತು ಓದಿದರು. ಆಮೇಲೆ ತಲೆ ಎತ್ತಿದರು.

"ಅವತ್ತು ಇದನ್ನ ನೋಡ್ಕೊಂಡೇ ನುಡಿಸ್ದ್ಯಾ?"

"ಇಲ್ಲ ಅಮ್ಮ. ನೋಡ್ಲಿಲ್ಲ. ಅಡ್ಡ ಬಂತು ಅಂತ ತಳ್ಬುಟ್ಟೆ."

"ಕರೆಂಟ್ ಹೋಗ್ದೆ ಇದ್ದಿದ್ರೆ?"

"ಕೀಬೋರ್ಡಲ್ಲೇ ಮುಗಿಸ್ತಿದ್ದೆ."

"ಅವರು ನಿನ್ನನ್ನ ಕೇಳಿದ್ರಲ್ಲ."

"ಕೇಳಿದ್ರು."

ಅಮ್ಮ ಕನ್ನಡಕ ತೆಗೆದರು. ಕಾಗದ ಮಡಿಸಿ, ಮೊದಲು ಹೇಗೆ ಮಡಿಕೆ ಇತ್ತೋ ಹಾಗೇ ಮಡಿಸಿ ನನ್ನ ಕೈಗೆ ವಾಪಸ್ಸು ಕೊಟ್ಟರು. ಅವರೆಕಾಯಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಅವತ್ತು ಕೂತ್ಕೊ ಅನ್ನಲಿಲ್ಲ. ಕಾಫಿ ಕುಡೀತೀಯಾ ಅನ್ನಲಿಲ್ಲ. ನಾನು ನಿಂತೇ ಇದ್ದೆ. ಕುಕ್ಕರ್ ಎರಡು ಸಲ ಕೂಗಿತು. ಒಳಗಿಂದಲೇ ಹೇಳಿದರು, "ಭಾನುವಾರ ನುಡಿಸು."

"ನೀವು ಬತ್ತೀರಾ ಅಮ್ಮ?"

ಒಳಗೆ ನಲ್ಲಿ ತಿರುಗಿಸಿದ ಸದ್ದು ಬಂತು.

ಶನಿವಾರ ಕ್ವಾಯರಿನವರನ್ನು ಕರೆದೆ. ನನಗೆ ಬಿಳಿ ಒಂದು ಬಿಟ್ಟು ಬೇರೆ ಶ್ರುತಿ ಬರೋದಿಲ್ಲ, ಇಷ್ಟು ದಿನ ಬಟನ್ ಒತ್ತುತ್ತಿದ್ದೆ ಅಂತ ಹೇಳಿದೆ. ಬಾಗೂರಿನ ಹುಡುಗಿ, "ಅಷ್ಟೇನಾ? ನಮಗೆ ಅದೂ ಬರಲ್ಲವಲ್ಲ ಅಣ್ಣ," ಅಂದಳು. ಯಾರೂ ನಗಲಿಲ್ಲ. ಅರಕಲಗೂಡಿನ ಹುಡುಗನಿಗೆ ಕೆಂಪು ಬಾಣ ತೋರಿಸಿದೆ. ಅವನು ತನ್ನ ಊರಿನ ಹೆಸರನ್ನು ಮೇಷ್ಟ್ರ ಅಕ್ಷರದಲ್ಲಿ ಎರಡು ಸಲ ಓದಿದ. ಆಮೇಲೆ ಹೊರಗೆ ಹೋಗಿ ನೀರು ಕುಡಿದು ಬಂದ.

ಭಾನುವಾರ ಕೀಬೋರ್ಡನ್ನು ಬಟ್ಟೆ ಮುಚ್ಚಿ ಮೂಲೆಗೆ ಇಟ್ಟೆ. ಆರ್ಗನ್ ಮುಂದೆ ಕೂತೆ, ಮುಚ್ಚಳ ತೆಗೆದೆ, ಕಾಗದ ಹಲಗೆಯ ಮೇಲೆ ಇಟ್ಟೆ. ನಿಧಾನಕ್ಕೆ ತುಳಿದೆ. ನಾಲ್ಕೂ ಚರಣ ಆಯಿತು. ಒಂದು ಕಡೆ ಬೆರಳು ಜಾರಿತು, ಆರ್ಗನ್ನಿನ ಒಂದು ಮನೆ ಸದ್ದೇ ಮಾಡುವುದಿಲ್ಲ, ಅಲ್ಲಿ ಖಾಲಿ ಬಂತು. ಕ್ವಾಯರ್ ಬಿಡಲಿಲ್ಲ.

"ಇವತ್ತು ತಳ ಸಿಕ್ತು ಸಾ," ಅಂದ ಅರಕಲಗೂಡಿನ ಹುಡುಗ.

ಮೊದಲನೇ ಸಾಲಿನ ಕಿಟಕಿ ಪಕ್ಕ ಅಮ್ಮ ಕೂರುವ ಜಾಗ ಖಾಲಿ ಇತ್ತು. ಅದರ ಮುಂದಿನ ಭಾನುವಾರವೂ ಖಾಲಿ ಇತ್ತು. ಈ ಭಾನುವಾರವೂ. ಯಾರಾದರೂ ಹೊಸಬರು ಅಲ್ಲಿ ಕೂರಲು ಬಂದರೆ ಲೈಬ್ರರಿ ಮೇಡಂ ಪಕ್ಕಕ್ಕೆ ಕಳಿಸುತ್ತಾರೆ.

ನಾನು ಶನಿವಾರ ಮಧ್ಯಾಹ್ನ ಕರಿ ಎರಡು ಕಲಿಯುತ್ತಿದ್ದೇನೆ. ಎರಡು ಸಾಲು ಬಂದಿದೆ. ಹೇಳುವುದಕ್ಕೆ ಇದ್ದದ್ದು ಇಷ್ಟೇ, ಮುಗಿಯಿತು.